ಮಗುವಿಗೆ ಹಣೆಪಟ್ಟಿ ಬೇಕೆ?

ಮೂರು ವರ್ಷ ತುಂಬಿದರೂ ಮಾತು ಬಾರದ, ಹೆಸರು ಹಿಡಿದು ಕರೆದರೆ ತಿರುಗಿ ನೋಡದ, ತಿರುಗುವ ಫ್ಯಾನನ್ನೇ ದಿಟ್ಟಿಸುತ್ತ ಕೂರುವ ಮಗುವನ್ನು ಕಂಡು ನಮ್ಮ ಹಿರಿಯರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಅವನಪ್ಪನೂ ತಡವಾಗಿಯೇ ಮಾತಾಡಿದ್ದು. ಡಾಕ್ಟರ ಹತ್ತಿರ ಹೋಗಿ ಹಣೆಪಟ್ಟಿ ಹಚ್ಚಿಸಿಕೊಂಡು ಬರಬೇಡಿ." ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರೊಳಗೊಂದು ನೈತಿಕ ಪ್ರಶ್ನೆ ಅಡಗಿದೆ. ಹೂಂ ಎನ್ನಲೂ ಊಹೂಂ ಎನ್ನಲೂ ಬಾರದ ಮಗುವಿಗೆ ಜೀವಮಾನವಿಡೀ ಅಂಟಿಕೊಳ್ಳುವ ಹೆಸರೊಂದನ್ನು ಕೊಡಿಸುವ ಅಧಿಕಾರ ನಮಗಿದೆಯೇ?

ಹಿರಿಯರ ಅಂಜಿಕೆ ನಿರಾಧಾರವಲ್ಲ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ 11 ಮಕ್ಕಳನ್ನು ಗಮನಿಸಿ ಆಟಿಸಂ ಕುರಿತು ಬರೆದರು. ಆ ಬಳಿಕ ಎಷ್ಟೋ ವರ್ಷ, ತಾಯಿಯ ಮಮತೆ ಸಾಲದೆ ಮಗು ಹೀಗಾಯಿತೆಂದು ಪಂಡಿತರೇ ಹೇಳುತ್ತ ಬಂದರು. 1964ರಲ್ಲಿ ಬರ್ನಾರ್ಡ್ ರಿಮ್ಲಂಡ್, ಸ್ವತಃ ಅಂಥ ಮಗುವಿನ ತಂದೆ, ಇದರ ಮೂಲ ದೇಹದಲ್ಲಿದೆಯೇ ಹೊರತು ತಾಯಿಯ ನಡತೆಯಲ್ಲಲ್ಲವೆಂದು ಪುಸ್ತಕ ಬರೆದು ವಾದಿಸಿದರು. ವಿಜ್ಞಾನ ಆ ಹಳೆಯ ದೂರನ್ನು ಕೈಬಿಟ್ಟಿದೆ, ನಮ್ಮ ಕಟ್ಟಡಗಳ ಮೆಟ್ಟಿಲುಗಳ ಮೇಲೆ "ಇಬ್ಬರೂ ಕೆಲಸಕ್ಕೆ ಹೋದರೆ ಇನ್ನೇನಾದೀತು?" ಎಂಬ ಪಿಸುಮಾತು ಮಾತ್ರ ಇನ್ನೂ ನಿಂತಿಲ್ಲ.

ಹಾಗಾದರೆ ಹೆಸರಿಡದೆ ಬಿಟ್ಟರೆ ಮಗು ಪಾರಾದೀತೇ? 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಅದನ್ನು ಗುರುತಿಸಿತು. 2016ರ ಕಾಯಿದೆಯ 21 ವಿಕಲತೆಗಳಲ್ಲಿ ಅದೂ ಒಂದಾಯಿತು. ಅದಕ್ಕೆ ಮೊದಲು ಸವಲತ್ತು ಬೇಕಿದ್ದರೆ "ಬುದ್ಧಿಮಾಂದ್ಯ" ಎಂಬ ಬೇರೊಂದು ಹೆಸರಿನ ಆಸರೆ ಪಡೆಯಬೇಕಿತ್ತು. ಇನ್ನು ಶಾಲೆಯಲ್ಲಿ "ಹಟಮಾರಿ", "ದಡ್ಡ" ಎಂಬ ಬಿರುದುಗಳು ಯಾವ ವೈದ್ಯರ ಸಹಿಯೂ ಇಲ್ಲದೆ ಪುಕ್ಕಟೆಯಾಗಿ ಸಿಗುತ್ತವೆ. ಹಣೆಪಟ್ಟಿಯಂತೂ ತಪ್ಪದು, ಅದು ಸರಿಯಾದುದೋ ತಪ್ಪಾದುದೋ ಎಂಬುದಷ್ಟೇ ಉಳಿದ ಮಾತು. ಸರಿಯಾದುದನ್ನು ಕೊಡಿಸುವುದು ತಂದೆತಾಯಿಗಳ ಧರ್ಮವೆಂದೇ ನಮ್ಮ ಅಭಿಪ್ರಾಯ.

ಆ ಧರ್ಮಪಾಲನೆ ಸುಲಭವಲ್ಲ. 2009ರಲ್ಲಿ ನಮ್ಮ ದೇಶಕ್ಕೆಂದೇ ಹೊರಬಂದ ಅಳತೆಗೋಲೊಂದಿದೆ. ಅದರಲ್ಲಿ 40 ಅಂಶಗಳು, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲವೆಂದು ಲೆಕ್ಕ. ಕಾಯಿದೆಯ ಮುಖ್ಯ ಸವಲತ್ತುಗಳಿಗೆ ಶೇ. 40ರಷ್ಟು ವಿಕಲತೆ ಇದೆಯೆಂಬ ಪ್ರಮಾಣಪತ್ರ ಬೇಕು. ಮಕ್ಕಳ ಅಂಕಪಟ್ಟಿಯನ್ನೇ ಜೀವವಾಗಿಸಿಕೊಂಡ ಮಧ್ಯಮವರ್ಗದ ನಾವು, ಮಗು ಎಷ್ಟು ಅಸಮರ್ಥ ಎಂಬುದಕ್ಕೆ ಹೆಚ್ಚು ಅಂಕ ಬರಲೆಂದು ಹಾರೈಸಬೇಕಾದ ಪರೀಕ್ಷೆ ಇದೊಂದೇ ಇರಬೇಕು! ಹಿಂದಿನ ರಾತ್ರಿ ಮಗು ತಾನಾಗಿ ನೀರಿನ ಲೋಟ ಎತ್ತಿ ಕುಡಿದದ್ದಕ್ಕೆ ಹಿಗ್ಗಿದ ತಾಯಿ, ಮರುದಿನ ಆಸ್ಪತ್ರೆಯಲ್ಲಿ ಅದು ಮಾಡಲಾರದ್ದನ್ನೆಲ್ಲ ಒಂದೊಂದಾಗಿ ಹೇಳಬೇಕು. ಸುಳ್ಳು ಹೇಳಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ಸತ್ಯದ ಅರ್ಧವನ್ನೇ ಹೇಳಿಸುವ ಏರ್ಪಾಡಿಗೆ ಸಹಾಯವೆನ್ನುವುದು ಕಷ್ಟ.

ಹಣದ ಮಾತೂ ಅಷ್ಟೇ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯುಂಟು. ಥೆರಪಿಗೆ ಅದರಲ್ಲೊಂದು ಪಾಲು ಮಾತ್ರ. ವಾರಕ್ಕೆ ಹಲವು ಸಲ, ವರ್ಷಗಟ್ಟಲೆ ನಡೆಯಬೇಕಾದ ತರಬೇತಿಗೆ ಅದು ಎಷ್ಟರಮಟ್ಟಿಗೆ ಬಂದೀತು? ಅನೇಕ ಮನೆಗಳಲ್ಲಿ ಇಬ್ಬರಲ್ಲೊಬ್ಬರು, ಬಹುಪಾಲು ತಾಯಿಯೇ, ನೌಕರಿ ಬಿಡುತ್ತಾರೆ. ಆ ನಷ್ಟ ಯಾವ ಅರ್ಜಿಯ ಯಾವ ಕಲಮಿನಲ್ಲೂ ಬರುವುದಿಲ್ಲ.

ಹೊರನಾಡಿನ ನಮಗೆ ಇನ್ನೊಂದು ತೆರಿಗೆಯೂ ಇದೆ. "ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಕನ್ನಡ ಬಿಟ್ಟುಬಿಡಿ" ಎಂಬ ಬುದ್ಧಿವಾದ. ಎರಡು ಭಾಷೆ ಕಿವಿಗೆ ಬಿದ್ದರೆ ಇಂಥ ಮಕ್ಕಳಿಗೆ ಹಾನಿಯೆಂದು ಈವರೆಗಿನ ಸಂಶೋಧನೆಗಳು ತೋರಿಸಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಅಜ್ಜಿ ಮೊಮ್ಮಗನ ಎದುರು ಮೂಕಿಯಾಗಿದ್ದಾಳೆ. ಮೊದಲೇ ಮಾತು ಕಡಿಮೆಯಾದ ಮಗುವಿನಿಂದ ಲಾಲಿಯ ಭಾಷೆಯನ್ನೂ ಕಸಿದರೆ ಅದಕ್ಕೆ ದಕ್ಕಿದ್ದೇನು?

ಮಗುವಿಗೆ 18 ತುಂಬಿದ ಮೇಲೆ, 1999ರ ಕಾಯಿದೆಯಂತೆ, ಅಗತ್ಯಬಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ ಪಾಲಕರೊಬ್ಬರನ್ನು ನೇಮಿಸುತ್ತದೆ. ತಂದೆತಾಯಿ ಇರುವವರೆಗೆ ಅವರೇ. ಅನಂತರ ಯಾರು? ಊರಿನ ಅಣ್ಣತಮ್ಮಂದಿರು ಈ ಮಗುವನ್ನು ಮದುವೆ-ಮುಂಜಿಗಳಲ್ಲಿ ನಾಲ್ಕು ಸಲ ನೋಡಿದ್ದಾರು. ದಿನವೂ ನೋಡುವವರು ಪಕ್ಕದ ಮನೆಯವರು, ಸಂಘದ ಗೆಳೆಯರು. ಎಷ್ಟೋ ತಂದೆತಾಯಿಗಳು ಆ ಅರ್ಜಿಯನ್ನು ತುಂಬುತ್ತ ಬಂದು, ಪಾಲಕರ ಹೆಸರೆಂಬಲ್ಲಿ ಪೆನ್ನು ಕೆಳಗಿಡುತ್ತಾರೆ.