ದೋಷಜ್ಞನೂ ಪುರೋಭಾಗಿಯೂ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಎರಡು ಶಬ್ದಗಳು ನೆನಪಿರಬಹುದು. ವಿದ್ವಾಂಸನಿಗೆ ಅಮರಸಿಂಹನು ಹೇಳುವ ಪರ್ಯಾಯನಾಮಗಳಲ್ಲಿ ‘ದೋಷಜ್ಞ’ ಎಂಬುದೂ ಒಂದು. ದೋಷವನ್ನು ಬಲ್ಲವನು ಎಂದು ಅದರ ಅರ್ಥ. ಅದೇ ಕೋಶದಲ್ಲಿ ಬೇರೊಂದೆಡೆ, ದೋಷವೊಂದನ್ನೇ ಕಾಣುವವನಿಗೆ ‘ಪುರೋಭಾಗಿ’ ಎಂಬ ಹೆಸರು ಬಂದಿದೆ. ಅದರ ನೆರೆಯಲ್ಲಿಯೇ ಶಠನ ಹೆಸರೂ ಇದೆ. ಇಬ್ಬರ ಕಣ್ಣೂ ದೋಷದ ಮೇಲೆಯೇ ನೆಟ್ಟಿರುತ್ತದೆ. ಹಾಗಿದ್ದೂ ಒಬ್ಬನು ಪಂಡಿತನೆನಿಸಿದನು, ಇನ್ನೊಬ್ಬನು ನಿಂದ್ಯನಾದನು. ಇವರಿಬ್ಬರ ನಡುವಣ ಗೆರೆ ಯಾವುದು? ಈ ಹಳೆಯ ಪ್ರಶ್ನೆ ನಮ್ಮ ಕಾಲದಲ್ಲಿ ಹೊಸದೊಂದು ಕ್ಷೇತ್ರದಲ್ಲಿ ತಲೆಯೆತ್ತಿದೆ. ಆ ಕ್ಷೇತ್ರವನ್ನು ನೋಡಿ ಪ್ರಶ್ನೆಯನ್ನು ವಿಚಾರಿಸೋಣ.

ವಿಕಿಪೀಡಿಯ ಎಂಬ ವಿಶ್ವಕೋಶದ ಹೆಸರನ್ನು ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರೆಲ್ಲರೂ ಕೇಳಿರುವರು. ೨೦೦೧ನೆಯ ಇಸವಿಯ ಜನವರಿ ೧೫ರಂದು ಅಮೆರಿಕದಲ್ಲಿ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬವರು ಇದನ್ನು ಅಂತರಜಾಲದಲ್ಲಿ ಆರಂಭಿಸಿದರು. ಕನ್ನಡದಲ್ಲಿ ಇದು ೨೦೦೩ರಲ್ಲಿ ಮೊದಲಾಯಿತು. ಇಂದು ಮುನ್ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಇದೆ. ಇದನ್ನು ಬರೆಯುವವರು ನಿಯುಕ್ತ ಪಂಡಿತರಲ್ಲ. ಇಚ್ಛೆಯುಳ್ಳ ಯಾರಾದರೂ ಬರೆಯಬಹುದು, ಮತ್ತೊಬ್ಬರು ಬರೆದುದನ್ನು ತಿದ್ದಬಹುದು. ಬರೆದವನು ತನ್ನ ನಿಜನಾಮವನ್ನು ಹೇಳಲೇಬೇಕೆಂಬ ಕಟ್ಟಳೆಯಿಲ್ಲ. ಆದರೆ ಯಾವ ದಿನ ಯಾವ ಮಾತು ಸೇರಿತು, ಯಾವುದು ಹೋಯಿತು ಎಂಬ ಚರಿತ್ರೆಯು ಪ್ರತಿಯೊಂದು ಪುಟದ ಹಿಂದೆಯೂ ಉಳಿಯುತ್ತದೆ.

ಇದು ನಮಗೆ ತೀರ ಅಪರಿಚಿತವಾದ ಕ್ರಮವೇನೂ ಅಲ್ಲ. ಓಲೆಗರಿಗಳ ಕಟ್ಟುಗಳನ್ನು ಬಿಚ್ಚಿ ನೋಡಿದವರು ಬಲ್ಲರು: ಲಿಪಿಕಾರನು ಗ್ರಂಥವನ್ನು ಮುಗಿಸಿ, ಬೆನ್ನು ಬಾಗಿ ಕಣ್ಣು ಮಂಜಾಗಿ ಬರೆದೆನೆಂದೂ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕೆಂದೂ ಬಿನ್ನವಿಸಿಕೊಳ್ಳುವುದುಂಟು. ತಿದ್ದುವವನು ಅಲ್ಲಿ ವೈರಿಯಲ್ಲ, ಆಹ್ವಾನಿತನು. ಅನೇಕರ ಕೈಯಿಂದ ಬೆಳೆಯುವ ಗ್ರಂಥಕ್ಕೆ ಕಾವಲುಗಣ್ಣು ಬೇಕೇ ಬೇಕು. ಇಲ್ಲದಿದ್ದರೆ ಪ್ರಕ್ಷೇಪವೇ ಮೂಲವಾಗಿ ನಿಂತುಬಿಡುತ್ತದೆ.

ಹೀಗಾದುದಕ್ಕೆ ನಮ್ಮ ನೆರೆಯ ಗೋವೆಯದೇ ಒಂದು ನಿದರ್ಶನವಿದೆ. ೧೬೪೦-೪೧ರಲ್ಲಿ ಗೋವೆಯ ಪೋರ್ಚುಗೀಸರಿಗೂ ಮರಾಠರಿಗೂ ಡಿಚೋಲಿಯ ಪ್ರಾಂತದಲ್ಲಿ ಯುದ್ಧ ನಡೆಯಿತೆಂದು ೨೦೦೭ರಲ್ಲಿ ಆಂಗ್ಲ ವಿಕಿಪೀಡಿಯದಲ್ಲಿ ಒಂದು ದೀರ್ಘಲೇಖನ ಸೇರಿತು. ಅದರಲ್ಲಿ ಗ್ರಂಥಗಳ ಹೆಸರುಗಳಿದ್ದವು, ಪುಟಸಂಖ್ಯೆಗಳಿದ್ದವು. ಉತ್ತಮ ಲೇಖನವೆಂಬ ಮನ್ನಣೆಯೂ ಅದಕ್ಕೆ ದೊರೆಯಿತು. ಐದು ವರ್ಷಗಳ ಮೇಲೆ, ೨೦೧೨ರಲ್ಲಿ, ಒಬ್ಬ ಸ್ವಯಂಸೇವಕನು ಆ ಆಧಾರಗ್ರಂಥಗಳನ್ನು ಹುಡುಕಹೊರಟನು. ಅವು ಎಲ್ಲಿಯೂ ಸಿಕ್ಕಲಿಲ್ಲ. ಯುದ್ಧವೇ ನಡೆದಿರಲಿಲ್ಲ. ಆ ವರ್ಷದ ಕೊನೆಯಲ್ಲಿ ಲೇಖನವನ್ನು ತೆಗೆದುಹಾಕಿದರು. ಶಿವಾಜಿಯು ಇನ್ನೂ ಬಾಲಕನಾಗಿದ್ದ ಕಾಲದಲ್ಲಿ ಮರಾಠಾ ಸಾಮ್ರಾಜ್ಯದ ಯುದ್ಧವೆಲ್ಲಿಂದ ಬಂದೀತು ಎಂದು ಐದು ವರ್ಷಗಳಲ್ಲಿ ಒಬ್ಬ ಓದುಗನಾದರೂ ಕೇಳಿದ್ದರೆ ಸಾಕಾಗಿತ್ತು. ಆಧಾರವನ್ನು ಹುಡುಕಹೊರಟ ಆ ಸ್ವಯಂಸೇವಕನು ನಿಜವಾದ ದೋಷಜ್ಞನು.

ಒಳಗಿನವರೇ ದೋಷದಲ್ಲಿ ಭಾಗಿಗಳಾದರೆ ಏನು ಗತಿ? ಆಗ ಹೊರಗಿನ ಕಣ್ಣು ಬೇಕಾಗುತ್ತದೆ. ಕ್ರೊಯೇಷಿಯ ದೇಶದ ಭಾಷೆಯ ವಿಕಿಪೀಡಿಯವು ಒಂದು ಸಣ್ಣ ಗುಂಪಿನ ಹಿಡಿತಕ್ಕೆ ಸಿಕ್ಕಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಆಳಿದ ಉಸ್ತಾಶಾ ಪಕ್ಷದವರ ಕ್ರೌರ್ಯವನ್ನು ತೆಳುಮಾಡಿ ತೋರಿಸುವ ಬರಹಗಳು ಅದರಲ್ಲಿ ನೆಲೆಗೊಂಡಿದ್ದವು. ತಿದ್ದಬಂದವರನ್ನೇ ಆ ಗುಂಪು ಹೊರದೂಡುತ್ತಿತ್ತು. ೨೦೧೩ರಲ್ಲಿ ಆ ದೇಶದ ಪತ್ರಿಕೆಗಳು ಇದನ್ನು ಬಯಲಿಗೆಳೆದವು. ಶಿಕ್ಷಣ ಸಚಿವರು ವಿದ್ಯಾರ್ಥಿಗಳಿಗೆ ಎಚ್ಚರಿಕೆ ಹೇಳಿದರು. ಆದರೂ ಗುಂಪಿನ ಹಿಡಿತ ಸಡಿಲಲು ೨೦೨೦ರವರೆಗೆ ಕಾಯಬೇಕಾಯಿತು. ೨೦೨೧ರಲ್ಲಿ ವಿಕಿಮೀಡಿಯ ಪ್ರತಿಷ್ಠಾನವೇ ಈ ವಿಷಯವಾಗಿ ವರದಿಯನ್ನು ಪ್ರಕಟಿಸಿತು. ವಿಶ್ವಕೋಶದ ಬಾಗಿಲಲ್ಲಿ ನಿಂತು ಅದನ್ನು ಪರೀಕ್ಷಿಸುವುದಕ್ಕೆಂದೇ ಕೂಡಿದ ಬಳಗಗಳೂ ಉಂಟು. ವಿಕಿಪೀಡಿಯ ರಿವ್ಯೂ ಎಂಬುದು ೨೦೦೫ರಲ್ಲಿಯೂ, ವಿಕಿಪೀಡಿಯಾಕ್ರಸಿ ಎಂಬುದು ೨೦೧೨ರಲ್ಲಿಯೂ ಹುಟ್ಟಿದವು. ಇಂಥ ಬಳಗಗಳು ಬೇಡವೆನ್ನುವುದು ಅವಿವೇಕ. ಅವುಗಳ ಧರ್ಮವೇನು ಎಂಬುದೇ ವಿಚಾರಣೀಯ.

ಬರಹದ ದೋಷವನ್ನು ಹುಡುಕುವ ಕಣ್ಣು ಬರೆದವನ ಕಡೆಗೆ ತಿರುಗಿದಾಗ ಧರ್ಮಸೂಕ್ಷ್ಮವು ಎದುರಾಗುತ್ತದೆ. ಜಾನ್ ಸೀಗನ್‌ಥಾಲರ್ ಎಂಬವರು ಅಮೆರಿಕದ ನ್ಯಾಶ್‌ವಿಲ್ ನಗರದ ಹಿರಿಯ ಪತ್ರಿಕಾಸಂಪಾದಕರು. ತಾರುಣ್ಯದಲ್ಲಿ ರಾಬರ್ಟ್ ಕೆನೆಡಿಯವರ ಸಹಾಯಕರಾಗಿದ್ದವರು. ೨೦೦೫ರ ಮೇ ತಿಂಗಳಲ್ಲಿ ಯಾರೋ ಒಬ್ಬನು, ಕೆನೆಡಿ ಸಹೋದರರಿಬ್ಬರ ಕೊಲೆಗಳಲ್ಲಿಯೂ ಇವರ ಕೈವಾಡವಿತ್ತೆಂದು ಒಮ್ಮೆ ಶಂಕಿಸಲಾಗಿತ್ತು ಎಂದು ವಿಕಿಪೀಡಿಯದಲ್ಲಿ ಬರೆದನು. ನಾಲ್ಕು ತಿಂಗಳಿಗೂ ಮೀರಿ ಆ ಮಾತು ಹಾಗೆಯೇ ನಿಂತಿತ್ತು. ತಾವು ಯಾರ ಸಹಾಯಕರಾಗಿದ್ದರೋ ಅವರ ಕೊಲೆಯ ಶಂಕೆಯೇ ತಮ್ಮ ಮೇಲೆ ಬಂದರೆ ವೃದ್ಧರೊಬ್ಬರ ಮನಸ್ಸು ಎಷ್ಟು ನೊಂದಿರಬೇಕು! ವಿಕಿಪೀಡಿಯದ ವಿಮರ್ಶಕನೊಬ್ಬನು ಜಾಡನ್ನು ಹಿಡಿದು, ಬರೆದ ಗಣಕಯಂತ್ರವು ಅದೇ ನಗರದ ಒಂದು ವ್ಯಾಪಾರಸಂಸ್ಥೆಯದೆಂದು ಕಂಡುಹಿಡಿದನು. ಬರೆದಾತನು ತಪ್ಪೊಪ್ಪಿಕೊಂಡು, ಹುಡುಗಾಟಕ್ಕಾಗಿ ಮಾಡಿದೆನೆಂದು ಹೇಳಿ, ಕೆಲಸಕ್ಕೆ ರಾಜೀನಾಮೆ ಕೊಟ್ಟನು. ಆಗ ಸೀಗನ್‌ಥಾಲರ್ ಅವರು ದಾವೆ ಹೂಡಲಿಲ್ಲ. ಆತನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಸಂಸ್ಥೆಯವರನ್ನು ಕೇಳಿಕೊಂಡರು. ಪ್ರಮಾದವು ಪತ್ತೆಯಾಗಬೇಕು, ಮನುಷ್ಯನು ನಾಶವಾಗಬಾರದು ಎಂಬ ಎಲ್ಲೆಯನ್ನು ನೊಂದವರೇ ಹಾಕಿಕೊಟ್ಟರು. ಆ ವರ್ಷದ ಡಿಸೆಂಬರಿನಲ್ಲಿ ಆಂಗ್ಲ ವಿಕಿಪೀಡಿಯವೂ ತನ್ನ ನಿಯಮವನ್ನು ಬಿಗಿಗೊಳಿಸಿ, ನೋಂದಣಿಯಿಲ್ಲದವರು ಹೊಸ ಲೇಖನವನ್ನು ಆರಂಭಿಸದಂತೆ ಮಾಡಿತು.

ಇನ್ನೊಂದು ಪ್ರಸಂಗ. ತಾನು ಧರ್ಮಶಾಸ್ತ್ರದ ಪ್ರಾಧ್ಯಾಪಕನೆಂದು ಹೇಳಿಕೊಳ್ಳುತ್ತಿದ್ದ ಒಬ್ಬ ವಿಕಿಪೀಡಿಯ ಲೇಖಕನನ್ನು ೨೦೦೬ರಲ್ಲಿ ಅಮೆರಿಕದ ನ್ಯೂಯಾರ್ಕರ್ ಪತ್ರಿಕೆಯು ಹಾಗೆಯೇ ವರ್ಣಿಸಿತು. ೨೦೦೭ರಲ್ಲಿ ವಿಮರ್ಶಕರ ಪ್ರಯತ್ನದಿಂದ ಸತ್ಯವು ಹೊರಬಿದ್ದಿತು. ಆತನು ಇಪ್ಪತ್ತನಾಲ್ಕು ವರ್ಷದ ತರುಣ, ಆ ಪದವಿಗಳೊಂದೂ ಅವನಿಗಿರಲಿಲ್ಲ. ವಾದಗಳಲ್ಲಿ ಇಲ್ಲದ ಪಾಂಡಿತ್ಯವನ್ನೇ ಪ್ರಮಾಣವಾಗಿ ಮುಂದೊಡ್ಡಿದ್ದವನು ತನ್ನ ಪರಿಚಯವನ್ನು ತಾನೇ ವಾದದ ವಸ್ತುವನ್ನಾಗಿ ಮಾಡಿಕೊಂಡಂತಾಯಿತು. ಅದನ್ನು ಪರೀಕ್ಷಿಸಿದುದು ತಪ್ಪಲ್ಲ.

ಇಲ್ಲಿ ಒಂದು ಪೂರ್ವಪಕ್ಷವೇಳುತ್ತದೆ. ‘ಲೋಕವೆಲ್ಲ ಓದುವ ಗ್ರಂಥವನ್ನು ಬರೆಯುವವನು ಹೆಸರನ್ನು ಏಕೆ ಮುಚ್ಚಿಕೊಳ್ಳಬೇಕು? ಮುಚ್ಚಿಕೊಂಡವರೆಲ್ಲರ ಮುಸುಕನ್ನು ತೆಗೆಯುವುದೇ ನ್ಯಾಯ’ ಎಂದು ಕೆಲವರು ವಾದಿಸುವರು. ವಿಶ್ವಕೋಶದ ಆಡಳಿತವನ್ನು ನೋಡಿಕೊಳ್ಳುವ ಸ್ವಯಂಸೇವಕರ ನಿಜನಾಮಗಳ ಪಟ್ಟಿಯನ್ನೇ ಪ್ರಕಟಿಸಿದ ವಿಮರ್ಶಕರೂ ಉಂಟು. ಮಾತು ಕೇಳುವುದಕ್ಕೆ ಸಮವಾಗಿದೆ. ಫಲವನ್ನು ನೋಡಿದರೆ ಹಾಗಲ್ಲ. ೨೦೨೨ರ ಮಾರ್ಚಿಯಲ್ಲಿ ಬೆಲಾರುಸ್ ದೇಶದ ಮಿನ್ಸ್ಕ್ ನಗರದಲ್ಲಿ, ಯುಕ್ರೇನಿನ ಮೇಲೆ ರಷ್ಯವು ನಡೆಸಿದ ಆಕ್ರಮಣದ ಬಗೆಗೆ ಬರೆಯುತ್ತಿದ್ದ ಒಬ್ಬ ವಿಕಿಪೀಡಿಯ ಲೇಖಕನ ಹೆಸರು ವಿವರಗಳನ್ನು ಬಹಿರಂಗಪಡಿಸಿದರು. ಬೆನ್ನಲ್ಲೇ ಅವನನ್ನು ಬಂಧಿಸಿ ಹದಿನೈದು ದಿನಗಳ ಸೆರೆವಾಸವನ್ನು ವಿಧಿಸಿದರು. ಹೆಸರಿನ ಮರೆಯಲ್ಲಿ ಕಳ್ಳನೂ ಅಡಗಬಹುದು, ಬಡಪಾಯಿಯೂ ಬದುಕಬಹುದು. ಇಬ್ಬರನ್ನೂ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಾಗಲಾರದು. ಮಾನಹಾನಿಯಾದವನಿಗೆ ನ್ಯಾಯಾಸನವಿದೆ. ನಮ್ಮ ದೇಶದಲ್ಲಿಯೂ ೨೦೨೪ರಲ್ಲಿ ಒಂದು ವಾರ್ತಾಸಂಸ್ಥೆಯು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದಾಗ, ಬರೆದವರ ಗುರುತನ್ನು ತಿಳಿಸಬೇಕೇ ಎಂಬ ಪ್ರಶ್ನೆಯು ಅಲ್ಲಿ ಚರ್ಚೆಗೆ ಬಂದಿತು. ತೀರ್ಪು ಯಾರಿಗೆ ಹಿತವಾದರೂ ಆಗದಿದ್ದರೂ, ಅಲ್ಲಿ ಎರಡೂ ಪಕ್ಷಗಳ ಮಾತನ್ನು ಕೇಳುವವರಿದ್ದಾರೆ, ಮೇಲ್ಮನವಿಗೆ ಅವಕಾಶವಿದೆ. ತಾನೇ ದೂರುಗಾರನೂ ನ್ಯಾಯಾಧೀಶನೂ ದಂಡಾಧಿಕಾರಿಯೂ ಆದವನ ಎದುರಿಗೆ ಇವೊಂದೂ ಇಲ್ಲ.

ಇಷ್ಟರಿಂದ ನಾವು ಕೇಳಿದ ಗೆರೆಯು ಕಾಣಿಸಿಕೊಳ್ಳುತ್ತದೆ. ದೋಷಜ್ಞನ ದೃಷ್ಟಿ ಬರಹದ ಮೇಲಿರುತ್ತದೆ. ಬರೆದವನು ತನ್ನ ಹೆಸರನ್ನೋ ಪದವಿಯನ್ನೋ ಪ್ರಮಾಣವಾಗಿ ಒಡ್ಡಿದಾಗ, ಇಲ್ಲವೆ ಮತ್ತೊಬ್ಬರ ಮಾನವನ್ನು ಕಳೆದಾಗ ಮಾತ್ರ ಅವನ ಕಡೆಗೆ ತಿರುಗುತ್ತದೆ, ಅದೂ ಬೇಕಾದಷ್ಟು ಮಾತ್ರ. ದೋಷಜ್ಞನು ತನ್ನ ಮಾತಿಗೂ ಆಧಾರವನ್ನು ಕೊಡುತ್ತಾನೆ. ತನ್ನನ್ನು ಪರೀಕ್ಷಿಸಬಂದವನಿಗೆ ಸಿಡುಕುವುದಿಲ್ಲ. ಕಾವಲುಗಾರನನ್ನು ಕಾಯುವವರು ಯಾರೆಂಬ ಪ್ರಶ್ನೆಗೆ ಬೇರೆ ಉತ್ತರವಿಲ್ಲ. ಅವನು ತನ್ನ ಬಾಗಿಲನ್ನೂ ತೆರೆದಿಡಬೇಕು. ಕಡೆಯದಾಗಿ, ತಪ್ಪು ತಿದ್ದಿದೊಡನೆ ದೋಷಜ್ಞನ ಕೆಲಸ ಮುಗಿಯುತ್ತದೆ, ಅವನಿಗೆ ಸಂತೋಷವೂ ಆಗುತ್ತದೆ. ಪುರೋಭಾಗಿಗಾದರೋ ತಿದ್ದಿದ ಪುಟವೆಂದರೆ ಕೈತಪ್ಪಿದ ಬೇಟೆ. ನಾಳೆಯೂ ದೋಷವಿರಲಿ ಎಂದೇ ಅವನ ಹಾರೈಕೆ.

ಗೃಹಸ್ಥರಾದ ನಮಗೂ ಇದರಲ್ಲಿ ಒಂದು ಪಾಲಿದೆ. ಮಕ್ಕಳು ಶಾಲೆಯ ಪಾಠಕ್ಕಾಗಿ ಆ ಪುಟಗಳನ್ನು ನೋಡಿ ಬರೆದುಕೊಂಡು ಹೋಗುವಾಗ, ‘ಈ ಮಾತಿಗೆ ಆಧಾರವೇನೆಂದು ಕೆಳಗೆ ನೋಡಿದೆಯಾ, ಮಗು?’ ಎಂದು ತಾಯಿತಂದೆಗಳು ಒಮ್ಮೆ ಕೇಳಿದರೆ ಸಾಕು, ಡಿಚೋಲಿಯ ಯುದ್ಧದಂಥವು ಬಹುಕಾಲ ಬಾಳಲಾರವು. ನಮ್ಮ ಊರಿನ ಗುಡಿಯ ಶಾಸನದ ಕಾಲವನ್ನು ಯಾರೋ ತಪ್ಪಾಗಿ ಬರೆದಿದ್ದರೆ ಕಟ್ಟೆಯ ಮೇಲೆ ಕುಳಿತು ನಗುವುದು ಸುಲಭ. ಶಾಸನಸಂಪುಟವನ್ನು ತೆಗೆದು ನೋಡಿ, ಸರಿಯಾದುದನ್ನು ಬರೆದು, ಆಧಾರವನ್ನು ಕಾಣಿಸಿ, ತಪ್ಪಿದವನ ಹೆಸರೆತ್ತದೆ ಏಳುವುದು ಕಷ್ಟ. ಆದರೆ ಓಲೆಯ ಕೊನೆಯಲ್ಲಿ ಲಿಪಿಕಾರನು ಬಿನ್ನವಿಸಿಕೊಂಡುದು ಆ ಕಷ್ಟದ ಕೆಲಸವನ್ನು ಮಾಡುವವನಿಗೇ ಹೊರತು ನಗುವವನಿಗಲ್ಲ.