ಗಾಳ, ಬಲೆ, ಮಿಕ್ಸಿ

ಅಮೆರಿಕದ ಮಿನೆಸೋಟದಲ್ಲಿರುವ ನನ್ನ ತಂಗಿಯ ಮಗಳು ಒಂದು ಚಳಿಗಾಲದಲ್ಲಿ ಫೋಟೋ ಕಳಿಸಿದ್ದಳು. ಎತ್ತ ನೋಡಿದರೂ ಬಿಳಿ. ನಮ್ಮ ಡೋಣಿ ಸಾಲಿನ ಎರೆಹೊಲಕ್ಕೆ ಯಾರೋ ಸುಣ್ಣ ಬಳಿದಂತಿತ್ತು. ನಡುವೆ ಒಬ್ಬ ಮುದುಕ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದ.

"ಯಾರ ಹೊಲಾನ ಅದು?" ಎಂದು ಫೋನಿನಲ್ಲಿ ಕೇಳಿದೆ.

"ಹೊಲ ಅಲ್ಲ ದೊಡ್ಡವ್ವ, ಕೆರಿ ಅದು. ಬರ್ಫ ಆಗೇತಿ. ತೂತು ಹೊಡದು ಮೀನ ಹಿಡಿಯಾಕತ್ತಾನ" ಅಂದಳು.

ನೀರು ನಾಲ್ಕು ಡಿಗ್ರಿಯಲ್ಲಿ ಅತಿ ಭಾರವಾಗಿರುತ್ತದೆ, ಮಂಜುಗಡ್ಡೆ ಹಗುರಾಗಿ ತೇಲುತ್ತದೆ, ಆದ್ದರಿಂದ ಕೆಳಗಿನ ನೀರಿನಲ್ಲಿ ಮೀನು ಬದುಕುತ್ತವೆ ಎಂದು ನಾನೇ ಎಷ್ಟೋ ವರ್ಷ ಶಾಲೆಯಲ್ಲಿ ಪಾಠ ಹೇಳಿದ್ದೆ. ಆದರೆ ಆ ತೇಲುವ ಮಂಜಿನ ಮೇಲೆ ಒಬ್ಬ ಮನುಷ್ಯ ಕೂತಿರುತ್ತಾನೆ ಎಂಬುದು ನನ್ನ ಕಲ್ಪನೆಗೆ ಬಂದಿರಲಿಲ್ಲ. ಮಂಜು ನಾಲ್ಕು ಇಂಚು ಗಟ್ಟಿಯಾದರೆ ಅದರ ಮೇಲೆ ನಡೆಯಬಹುದಂತೆ. ಆ ಮುದುಕ ಅವಳ ನೆರೆಮನೆಯವನು. ಅವನ ಹತ್ತಿರ ಕೈಯಿಂದ ತಿರುವುವ ಒಂದು ಬೈರಿಗೆ, ಎರಡು ಗೇಣಿನ ಕೋಲು, ಸ್ವಲ್ಪ ದಾರ, ಒಂದು ಗಾಳ, ಇಷ್ಟೇ. ಸುತ್ತಲಿನವರ ಬಳಿ ಎಂಜಿನ್ನಿನ ಬೈರಿಗೆ, ಒಲೆ ಹೊತ್ತಿಸಿದ ಡೇರೆ, ಮಂಜಿನ ಕೆಳಗೆ ಮೀನು ಎಲ್ಲಿದೆ ಎಂದು ಶಬ್ದದ ಅಲೆ ಕಳಿಸಿ ಪರದೆಯ ಮೇಲೆ ತೋರಿಸುವ ಯಂತ್ರ. ಮುದುಕನಿಗೂ ಅದನ್ನು ಕೊಳ್ಳುವ ಶಕ್ತಿಯಿದೆ, ಆದರೂ ಕೊಂಡಿಲ್ಲ. ಸಂಜೆಯ ಊಟಕ್ಕೆ ಎರಡೋ ಮೂರೋ ಮೀನು ಸಿಕ್ಕರೆ ಎದ್ದು ಮನೆಗೆ ಹೋಗುತ್ತಾನಂತೆ.

ನಾನು ಮೀನು ತಿನ್ನುವವಳಲ್ಲ. ಆದರೂ ಆ ಫೋಟೋವನ್ನು ಕಂಡಕಂಡವರಿಗೆಲ್ಲ ತೋರಿಸಿದೆ. "ನೋಡ್ರಿ, ಸಾಕು ಅನ್ನೋದನ್ನ ಈ ಮನಷ್ಯಾನಿಂದ ಕಲೀಬೇಕು" ಎಂದು ಒಗ್ಗರಣೆಯನ್ನೂ ಹಾಕಿದೆ. ನನ್ನ ತವರು ಇಂಡಿ ತಾಲ್ಲೂಕಿನ ಭೀಮೆಯ ದಂಡೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಅಲ್ಲೊಂದು ಇಲ್ಲೊಂದು ಮಡು ಉಳಿದಾಗ, ಓಣಿಯ ಹುಡುಗರು ಜೋಳದ ದಂಟಿನ ಬೆಂಡು ಕಟ್ಟಿ ಗಾಳ ಬಿಡುತ್ತಿದ್ದರು. ಆ ಬೆಂಡು ಒಮ್ಮೆ ಮುಳುಗಿ ಎದ್ದರೆ ಮೀನು ತಿನ್ನದ ಮನೆಯ ನನ್ನ ಎದೆಯೂ ಹಾರುತ್ತಿತ್ತು. ಆ ನೆನಪಿಗೂ ಮಿನೆಸೋಟದ ಮುದುಕನಿಗೂ ನಂಟು ಬೆಸೆದು ನಾನು ಹಿಗ್ಗಿದ್ದೆ.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಒಂದು ರಾತ್ರಿ ಅದೇ ಫೋಟೋ ನೋಡುತ್ತಿರುವಾಗ, ಹಿಂದೆಂದೋ ನನ್ನಿಂದ 'ಇಲ್ಲ' ಅನ್ನಿಸಿಕೊಂಡು ಹೋದ ಒಬ್ಬ ಹೆಣ್ಣುಮಗಳ ಮುಖ ಎದುರಿಗೆ ಬಂತು.

ಆಗ ನಾನು ಬಸವನ ಬಾಗೇವಾಡಿಯ ಕಡೆ ಶಾಲೆಯಲ್ಲಿದ್ದೆ. ಓಣಿಯ ಹೆಂಗಸರ ಉಳಿತಾಯ ಸಂಘದ ಲೆಕ್ಕ ನನ್ನ ಕೈಯಲ್ಲಿತ್ತು. ಸಂಘದಲ್ಲಿ ಒಬ್ಬಾಕೆ ಅಂಬಿಗರ ಮನೆಯವಳು. ಗಂಡ ಹರಿಗೋಲಿನಲ್ಲಿ ಹೋಗಿ ಮೀನು ಹಿಡಿದು ತಂದರೆ ಈಕೆ ಬುಟ್ಟಿ ಹೊತ್ತು ಸಂತೆಗೆ ಹೋಗುವಳು. 2009ರಲ್ಲಿ ಒಂದು ದಿನ ಸಾಲ ಕೇಳಿದಳು. ಯಾತಕ್ಕೆ ಎಂದೆ. ಹೊಸ ಬಲೆಗೆ ಅಂದಳು. ಎಂಥ ಬಲೆ ಎಂದು ಕೆದಕಿದಾಗ, ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಎಂಬುದು ಹೊರಬಿತ್ತು. ಅಂಥ ಬಲೆಯಲ್ಲಿ ಬೆರಳುದ್ದದ ಮರಿಯೂ ಪಾರಾಗುವುದಿಲ್ಲ.

"ಮರೀನ ಹಿಡಕೊಂಡು ಹೋದ್ರ ಮುಂದಿನ ವರ್ಷ ಏನ ಹಿಡೀತೀರಿ? ನಿಮ್ಮ ಮಾವನ ಬೀಸುಬಲಿ ಐತಲ್ಲ, ಗಾಳ ಐತಲ್ಲ. ಅದರಾಗ ಬಂದಷ್ಟು ಸಾಕು ಅನಬೇಕು" ಎಂದು ತರಗತಿಯಲ್ಲಿ ಹೇಳಿದ ಹಾಗೆಯೇ ಹೇಳಿದೆ.

ಆಕೆ ಸಿಟ್ಟಾಗಲಿಲ್ಲ. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದಳು: "ಅಕ್ಕೋರ, ಆ ಬಲಿ ಹಳೇ ಹೊಳೀಗೆ ಸರಿ ಇತ್ರಿ. ಈಗ ಹೊಳೀನ ಸಮುದ್ರ ಆಗೇತಿ. ಹೊಳಿ ಬದಲಾತು, ಬಲಿ ಬದಲಾಗಬಾರದು ಅಂದ್ರ ಹೆಂಗ್ರಿ?" ಬಾಗಿಲ ತನಕ ಹೋದವಳು ತಿರುಗಿ ನಿಂತು, "ನಿಮ್ಮನ್ಯಾಗ ಮಿಕ್ಸಿ ಐತಲ್ರಿ?" ಎಂದು ಕೇಳಿ ಹೊರಟುಹೋದಳು.

ಆಕೆ ಹೇಳಿದ್ದು ಸುಳ್ಳಲ್ಲ. ಬೀಸುಬಲೆ ತಳ ಮುಟ್ಟುವ ನೀರಿಗೆ ಹೇಳಿಮಾಡಿಸಿದ್ದು. ಮಡು ಎಲ್ಲಿ, ಬಂಡೆ ಎಲ್ಲಿ ಎಂದು ಬಲ್ಲವನ ಕೈಯಲ್ಲಿ ಅದು ಬಲೆ. ತಳವೇ ಕಾಣದ ನೀರಿನಲ್ಲಿ ಅದು ಬರೀ ದಾರದ ಗಂಟು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. ಕೊಲ್ಹಾರದಂಥ ಊರು ಹಳೆಯ ಜಾಗ ಬಿಟ್ಟು ಮೇಲೆ ಬಂತು, ಬಾಗಲಕೋಟೆಯ ಓಣಿಗಳು ನೀರಿಗಿಳಿದವು. ಹೊಲಕ್ಕೆ ಕಾಲುವೆ ಬಂತು, ನಲ್ಲಿಗೆ ನೀರು ಬಂತು. ಅಣೆಕಟ್ಟಿನ ಬುಡದಲ್ಲಿ 290 ಮೆಗಾವಾಟಿನ ವಿದ್ಯುದಾಗಾರವೂ ಎದ್ದಿತು. ಕರೆಂಟು ನನ್ನ ಅಡಿಗೆಮನೆಯ ಮಿಕ್ಸಿಗೂ ಬೇಕು. ಹೊಳೆಯನ್ನು ಬದಲಾಯಿಸಿದ್ದರ ಸುಖವನ್ನು ನಾನು ಉಂಡು, ಬದಲಾಗದೆ ಇರುವ ಜವಾಬ್ದಾರಿಯನ್ನು ಆಕೆಗೆ ಒಪ್ಪಿಸಿದ್ದೆ.

ಮಿಕ್ಸಿಯ ಮಾತೂ ಹಾಗೆಯೇ. ನನ್ನ ಅವ್ವ ಬೆಳ್ಳಿ ಮೂಡುವ ಹೊತ್ತಿಗೆ ಎದ್ದು ಬೀಸುಕಲ್ಲಿನ ಮುಂದೆ ಕೂಡುತ್ತಿದ್ದಳು. ಬೀಸುವ ಹಾಡಿನ ಸೊಗಸನ್ನು ನಾನು ವೇದಿಕೆಯ ಮೇಲೆ ನಿಂತು ಹೊಗಳಿದ್ದೇನೆ. ಅವ್ವನ ಅಂಗೈಯ ಬೊಬ್ಬೆಯ ಮಾತು ಅಲ್ಲಿ ಆಡಲಿಲ್ಲ. ನಮ್ಮ ಮನೆಯ ಬೀಸುಕಲ್ಲು ಈಗ ಹಿತ್ತಲಲ್ಲಿ ತುಳಸಿಯ ಕುಂಡಕ್ಕೆ ಆಸರೆಯಾಗಿದೆ. ಅದನ್ನು ನೋಡಿ 'ಆಹಾ, ಹಳೆಯ ಕಾಲ' ಅನ್ನುವ ಬಂಧುಗಳಿದ್ದಾರೆ. ಒಂದು ಸೇರು ಜೋಳ ಬೀಸಿಕೊಡಿ ಅಂದರೆ ಎದ್ದುಹೋಗುತ್ತಾರೆ. ಬೇಡವೆಂದು ಬಿಟ್ಟವಳಿಗೆ ಹಳೆಯ ಸಾಮಾನು ಚಂದ, ಬೇರೆ ಗತಿಯಿಲ್ಲದವಳಿಗೆ ಅದು ದುಡಿತ. ಮಿನೆಸೋಟದ ಮುದುಕನ ಕೋಲು ಅವನ ಆಯ್ಕೆ. ಅಂದು ಮೀನು ಸಿಗದಿದ್ದರೂ ಅವನ ಮನೆಯಲ್ಲಿ ಊಟವಿದೆ. ಅಂಬಿಗರಾಕೆಯ ಮಾವನಿಗೆ ಗಾಳ ಬಿಟ್ಟರೆ ಬೇರೆ ಇರಲಿಲ್ಲ.

ಸಂಘದಲ್ಲಿ ಅಂದು ನಾನು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೂ ಹೇಳಿದ್ದೆ ಎಂಬುದು ನೆನಪಾದಾಗ ಇನ್ನಷ್ಟು ನಾಚಿಕೆಯಾಯಿತು. ನಿಮಗೆಲ್ಲ ಗೊತ್ತಿರುವ ಕಥೆ. ಗಂಡ ಮಾರಯ್ಯ ದಿನದ ಲೆಕ್ಕಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಆಕೆ ಮರಳಿ ಕಳಿಸಿದಳು. ಬಸವಣ್ಣ ಹುಟ್ಟಿದ ಊರಿನ ಆಸುಪಾಸಿನವರಿಗೆ ಈ ಕಥೆ ಉಗ್ಗಿನ ಜೊತೆಗೇ ಬಂದಿರುತ್ತದೆ. ಆದರೆ ಲಕ್ಕಮ್ಮ ಸಾಕು ಎಂದದ್ದು ತನ್ನ ಮನೆಯ ಹೊಸ್ತಿಲೊಳಗೆ, ತನ್ನ ಒಲೆಯ ಮೇಲಿನ ಗಡಿಗೆಗೆ. ಪಕ್ಕದ ಮನೆಯ ಬುಟ್ಟಿಯಲ್ಲಿ ಇಣುಕಿ ಹೇಳಲಿಲ್ಲ. ನಾನು ಕಥೆಯನ್ನು ಬಲ್ಲೆ, ಹೊಸ್ತಿಲನ್ನು ಮರೆತಿದ್ದೆ.

ಹಾಗಾದರೆ ಆಕೆಗೆ ಸಾಲ ಕೊಡಬೇಕಿತ್ತೇ? ನೀವು ಹೀಗೆ ಕೇಳಿದರೆ ಇಂದಿಗೂ ನನಗೆ ಉತ್ತರ ಸಲೀಸಲ್ಲ. ಸಂಘ ಕೊಡದಿದ್ದುದಕ್ಕೆ ಆಕೆ ಬೇರೆಡೆ ಹೆಚ್ಚಿನ ಬಡ್ಡಿಗೆ ತಂದಳು, ಅದೇ ಬಲೆಯನ್ನೇ ಕೊಂಡಳು. ಮರುವರ್ಷ ಮಕ್ಕಳನ್ನು ಕರೆದುಕೊಂಡು ಹಿನ್ನೀರಿಗೆ ಹೋದಾಗ ದಂಡೆಯ ಮೇಲೆ ಹಾಸಿದ ತಾಡಪಾಲಿನಲ್ಲಿ ಬೆರಳಿಗಿಂತ ಸಣ್ಣ ಮೀನು ರಾಶಿರಾಶಿಯಾಗಿ ಒಣಗುತ್ತಿದ್ದವು. ಅದು ಯಾರ ಬಲೆಯದೋ ನಾನು ಕೇಳಲಿಲ್ಲ. ಕಾಟ್ಲಾ, ರೋಹುಗಳು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಮಳೆಗಾಲದ ಹೊಸ ನೀರಿಗೆ ಎದುರಾಗಿ ಹೋಗಿ ಇಡುತ್ತವೆ. ಅಣೆಕಟ್ಟು ಅಡ್ಡ ನಿಂತ ಕಡೆ ಆ ದಾರಿಯೇ ಕಡಿದುಹೋಗುತ್ತದೆ. ಅಂಥಲ್ಲಿ ಉಳಿದ ಮರಿಯನ್ನೂ ಬಳಿದರೆ ನಾಳೆಯ ಬುಟ್ಟಿ ಬರಿದು. ಮದ್ದು ಸಿಡಿಸಿ, ವಿಷ ಹಾಕಿ ಮೀನು ಕೊಲ್ಲಬಾರದೆಂದು 1897ರಷ್ಟು ಹಿಂದೆಯೇ ಈ ದೇಶದಲ್ಲಿ ಕಾನೂನು ಬಂದಿದೆ. ಮಿನೆಸೋಟದಲ್ಲಿ ಮಂಜಿನ ಮೇಲೆ ಕೂತವನು ಎರಡಕ್ಕಿಂತ ಹೆಚ್ಚು ದಾರ ಬಿಡುವಂತಿಲ್ಲ. ಯಂತ್ರವಿದ್ದವನಿಗೂ ಇಲ್ಲದವನಿಗೂ ಒಂದೇ ನಿಯಮ. ಹೊಳೆ ಎಲ್ಲರದಾದ ಮೇಲೆ ಮಿತಿಯ ಮಾತನ್ನು ಯಾರಾದರೂ ಆಡಲೇಬೇಕು.

ಆದರೆ ಆ ಮಾತು ಸಾಲ ಕೇಳಲು ಬಂದವಳ ಒಬ್ಬಳ ತಲೆಗೇ ಕಟ್ಟುವಂಥದ್ದಲ್ಲ. 'ಇಲ್ಲ' ಅನ್ನುವ ಮೊದಲು ನಾನು ಕೇಳಬೇಕಾಗಿದ್ದುದು ಒಂದೇ ಪ್ರಶ್ನೆ: ನಿಮ್ಮ ಮನೆಗೆ ದಿನಕ್ಕೆ ಎಷ್ಟು ಬೇಕು? ಆಳದ ನೀರಿಗೆ ಇಳಿಯುವ, ಆದರೆ ಮರಿ ಪಾರಾಗುವಷ್ಟು ದೊಡ್ಡ ಕಣ್ಣಿನ ಬಲೆಗೆ ಎಷ್ಟು ಹಣವಾಗುತ್ತದೆ, ಒಟ್ಟಿಗೆ ಲೆಕ್ಕ ಹಾಕೋಣ ಬಾ ಎಂದಿದ್ದರೆ ಸಂಘದ ಪೆಟ್ಟಿಗೆಯಲ್ಲಿ ಅಷ್ಟು ದುಡ್ಡಿತ್ತು. ಹಳೆಯ ಗಾಳದಲ್ಲಿ ನಾನು ಮೆಚ್ಚಿದ್ದು ಅದರ ಬಡತನವನ್ನಲ್ಲ, ಮರಿಯನ್ನು ಬಿಟ್ಟುಬಿಡುವ ಗುಣವನ್ನು. ಆ ಗುಣವನ್ನು ಹೊಸ ಬಲೆಯ ಕಣ್ಣಿಗೂ ಹೆಣೆಯಬಹುದು ಎಂದು ಹೊಳೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಆಕೆ ಈಗ ಎಲ್ಲಿದ್ದಾಳೋ. ದುಡಿಯಲು ಪುಣೆಯ ಕಡೆ ಹೋದರು ಎಂದು ಸಂಘದ ಹಳೆಯ ಗೆಳತಿ ಹೇಳಿದಳು. ತಂಗಿಯ ಮಗಳು ಮೊನ್ನೆ ಮತ್ತೆ ಫೋನು ಮಾಡಿ, "ದೊಡ್ಡವ್ವ, ಆ ಮುದುಕನ ಇನ್ನೊಂದು ಫೋಟೋ ಕಳಿಸಲೇನು?" ಅಂದಳು. ಕಳಿಸು ಎಂದೆ. ಬಂದ ಮೇಲೆ ಒಬ್ಬಳೇ ನೋಡಿದೆ. ಈ ಸಲ ಯಾರಿಗೂ ತೋರಿಸಲಿಲ್ಲ. ಒಳಗೆ ಚಟ್ನಿಗೆ ಹಾಕಿಟ್ಟ ಕಾಯಿ ಹಾಗೇ ಇತ್ತು. ಎದ್ದುಹೋಗಿ ಮಿಕ್ಸಿಯ ಗುಂಡಿ ಒತ್ತಿದೆ.