ಆಫ್ ಮಾಡಿ ಇಳಿಯಪ್ಪ

ಮಳೆ ಹಿಡಿಯಿತೆಂದರೆ ಶ್ರೀನಿವಾಸಪುರದ ಮಾವಿನ ತೋಪಿರಲಿ, ತಿಪಟೂರಿನ ತೆಂಗಿನ ತೋಟವಿರಲಿ, ಕಳೆ ಮೊಣಕಾಲುದ್ದ ಬಂದುಬಿಡುತ್ತದೆ. ಕುಡುಗೋಲು ಹಿಡಿಯಲು ಆಳು ಸಿಗುವುದಿಲ್ಲ. ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ, ಹಿಂದೆ ಹುಲ್ಲು ಕತ್ತರಿಸುವ ಸ್ಲ್ಯಾಷರ್. ಎರಡಕ್ಕೂ ನಡುವೆ ಇರುವುದು ಎಂಜಿನ್ನಿನ ತಿರುಗುಬಲವನ್ನು ಸ್ಲ್ಯಾಷರಿಗೆ ದಾಟಿಸುವ ಪಿಟಿಒ ಶಾಫ್ಟ್.

ಅದು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಸೆಕೆಂಡಿಗೆ 9. ಏಳು ಸೆಂಟಿಮೀಟರ್ ದಪ್ಪದ ಶಾಫ್ಟಿಗೆ ಪಂಚೆಯ ಅಂಚು ಸಿಕ್ಕಿದರೆ ಸೆಕೆಂಡಿನಲ್ಲಿ ಸುಮಾರು ಎರಡು ಮೀಟರ್ ಬಟ್ಟೆ ಸುತ್ತಿಕೊಂಡಿರುತ್ತದೆ. ಉಟ್ಟವನಿಗೆ ಕೂಗಲೂ ಪುರಸೊತ್ತಿಲ್ಲ.

ಜೋಡಿಸುವ ಕ್ರಮವೇನೂ ಕಷ್ಟದ್ದಲ್ಲ. ಪಿಟಿಒ ಲಿವರ್ ನ್ಯೂಟ್ರಲ್‌ಗೆ, ಹ್ಯಾಂಡ್‌ಬ್ರೇಕ್, ಎಂಜಿನ್ ಆಫ್, ಕೀಲಿ ಜೇಬಿಗೆ. ಸ್ಲ್ಯಾಷರನ್ನು ಮೂರೂ ಕೊಂಡಿಗಳಿಗೆ ಸಿಕ್ಕಿಸಿ ಪಿನ್ ಹಾಕಿದ ಮೇಲೆಯೇ ಶಾಫ್ಟ್. ಹಲ್ಲಿಗೆ ಹಲ್ಲು ಕೂರಿಸಿ ಒತ್ತಿದರೆ ಲಾಕ್ 'ಕಟಕ್' ಎನ್ನುತ್ತದೆ. ಆಮೇಲೂ ಒಮ್ಮೆ ಹಿಂದಕ್ಕೆ ಜಗ್ಗಿ ನೋಡಬೇಕು. ಒಳಗಿನ ಕೊಳವೆ ಹೊರಗಿನದರೊಳಗೆ ಮೂರನೇ ಒಂದು ಭಾಗವಾದರೂ ಹೊಕ್ಕಿರಬೇಕು. ಮೇಲಿನ ಪ್ಲಾಸ್ಟಿಕ್ ಕವಚ ಶಾಫ್ಟಿನ ಜೊತೆ ತಿರುಗದಂತೆ ಅದರ ಸರಪಳಿ ಸಿಕ್ಕಿಸಬೇಕು. ಗ್ರೀಸ್ ಹೊಡೆಯಲು ಅಡ್ಡವೆಂದು ಆ ಕವಚವನ್ನು ಕಿತ್ತು ಶೆಡ್ಡಿನ ಮೂಲೆಗೆಸೆಯುವವರೇ ಹೆಚ್ಚು.

ಇದೆಲ್ಲ ಡ್ರೈವರಿಗೆ ಗೊತ್ತಿಲ್ಲದ್ದೇನಲ್ಲ. ಹುಲ್ಲು ಸಿಕ್ಕಿಕೊಂಡಾಗ ಎಂಜಿನ್ ಓಡುತ್ತಿರುವಂತೆಯೇ ಅವನು ಇಳಿದು ಹಿಂದಕ್ಕೆ ಹೋಗುವುದಕ್ಕೆ ಕಾರಣ ಬೇರೆ. ಬ್ಯಾಟರಿ ವೀಕು, ಆಫ್ ಮಾಡಿದರೆ ತಳ್ಳಲು ನಾಲ್ಕು ಜನ ಬೇಕು. ಬಾಡಿಗೆ ಗಂಟೆ ಲೆಕ್ಕ. ತೋಟದವರು ಬದುವಿನ ಮೇಲೆ ಮೊಬೈಲಿನಲ್ಲಿ ಹೊತ್ತು ನೋಡುತ್ತ ನಿಂತಿದ್ದಾರೆ. ಹಾಗಾಗಿ 'ಒಂದೇ ಸಲ ತಾನೇ' ಎಂದು ಕೈ ಹಾಕುತ್ತಾನೆ. ಪಿಟಿಒ ಬಿಡಿಸಿದ ಮೇಲೂ ಬ್ಲೇಡು ಒಂದಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ.

ಅಪಘಾತವಾದಾಗ 'ಅವನ ಅಜಾಗ್ರತೆ' ಎಂದು ನಾವು ಸುಲಭವಾಗಿ ಕೈ ತೊಳೆದುಕೊಳ್ಳುತ್ತೇವೆ. ಅವಸರ ಅವನೊಬ್ಬನದಲ್ಲ, ಕೆಲಸ ಮಾಡಿಸುವವರದೂ ಹೌದು. ಟ್ರ್ಯಾಕ್ಟರಿನ ಮಾಲೀಕ ಹೊಸ ಬ್ಯಾಟರಿ ಹಾಕಿಸಿದರೆ, ತೋಟದವರು ಜೋಡಿಸುವ, ಬಿಡಿಸುವ ಹೊತ್ತನ್ನೂ ಬಾಡಿಗೆಗೆ ಸೇರಿಸಿ ಕೊಟ್ಟರೆ, ಡ್ರೈವರಿಗೆ ಕೀಲಿ ತೆಗೆಯುವುದು ನಷ್ಟದ ಬಾಬತ್ತಾಗುವುದಿಲ್ಲ. "ಆಫ್ ಮಾಡಿ ಇಳಿಯಪ್ಪ, ಟೈಮು ನನ್ನ ಲೆಕ್ಕಕ್ಕೆ" ಎಂದು ಬದುವಿನ ಮೇಲಿಂದ ಒಂದು ಮಾತು ಬಂದರೆ ಸಾಕು, ಅವನು ಧೈರ್ಯವಾಗಿ ನಿಲ್ಲಿಸುತ್ತಾನೆ.